ಹೆಸರು ಮಾತ್ರ ಹೇಳೂದಿಲ್ಲ

ಕೆಲಸಕ್ಕೆ ಸೇರಿದ ದಿನ ಸರ್ ನನಗೆ ಮೊದಲು ತೋರಿಸಿದ್ದು ತಮ್ಮ ಗೋಡೆಯನ್ನು. ಶಾಲು ಹೊದ್ದ ಸರ್, ಹಾರ ಹಾಕಿಸಿಕೊಂಡ ಸರ್, ಮೈಕಿನ ಮುಂದೆ ಬೆರಳೆತ್ತಿದ ಸರ್. ಆ ಫೋಟೋಗಳ ನಡುವೆ ಗಾಜಿನ ಚೌಕಟ್ಟಿನೊಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯಿತ್ತು: ಆಪ್ತ ಸಮಾಲೋಚಕರ ನೀತಿಸಂಹಿತೆ. ಅದು ನೇತಾಡುತ್ತಿದ್ದದ್ದು ಅವರ ಕುರ್ಚಿಯ ಬೆನ್ನ ಹಿಂದೆ. ಎದುರು ಕೂತು ಅಳುವವರಿಗೆ ಕಾಣಬೇಕು, ತಮಗೆ ಕಾಣಬಾರದು, ಅಂಥ ಜಾಗ.

"ಇದನ್ನ ಬಾಯಿಪಾಠ ಮಾಡ್ಕೋರಿ ಮೇಡಂ" ಅಂದರು.

ನೀವು ಮಾಡಿಕೊಂಡಿದ್ದೀರಾ ಎಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ.

ಕೇಂದ್ರ ಇದ್ದದ್ದು ಗಂಗಾವತಿಯಲ್ಲಿ, ಒಂದು ಔಷಧದಂಗಡಿಯ ಮೇಲಿನ ಮಹಡಿಯಲ್ಲಿ. ಎರಡು ಕೋಣೆ, ನಡುವೆ ಪ್ಲೈವುಡ್ ಗೋಡೆ. ಒಳಗೆ ಒಬ್ಬಾಕೆ ತನ್ನ ಗಂಡನ ಬಗ್ಗೆ ಹೇಳಿಕೊಳ್ಳುತ್ತಿದ್ದರೆ ಹೊರಗೆ ಬೆಂಚಿನ ಮೇಲೆ ಕೂತವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಗೋಡೆ ಗಟ್ಟಿ ಮಾಡಿಸಿ ಎಂದು ಎರಡು ಸಲ ಹೇಳಿದೆ. "ಗಾಳಿ ಆಡಬೇಕಲ್ರಿ" ಅಂದರು. ಅಲ್ಲಿ ಆಡುತ್ತಿದ್ದದ್ದು ಗಾಳಿಯಲ್ಲ, ಮಾತು. ಬೆಂಚಿನ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು; ಒಳಗಿನಿಂದ ಹೊರಬಂದ ಹೆಂಗಸು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿಯುತ್ತಿದ್ದಳು.

ನಾನು ಯಲಬುರ್ಗಾದವಳು. ಅಪ್ಪನದು ಕಿರಾಣಿ ಅಂಗಡಿ. ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಆಮೇಲೆ ಆಪ್ತ ಸಮಾಲೋಚನೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಮುಗಿಸಿ, ನಮ್ಮ ಸೀಮೆಯಲ್ಲೇ ಕೆಲಸ ಮಾಡಬೇಕೆಂಬ ಹುಮ್ಮಸ್ಸಿನಲ್ಲಿ ಬಂದಿದ್ದೆ. ಸರ್ ಓದಿದ್ದೇನು ಎಂಬುದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಕಾಲೇಜಿನಲ್ಲಿ ಅವರು ಕಲಿಸಿದ್ದು ವಾಣಿಜ್ಯ. ನಿವೃತ್ತರಾದ ಮೇಲೆ ಹತ್ತು ದಿನದ ಒಂದು ತರಬೇತಿ ಶಿಬಿರಕ್ಕೆ ಹೋಗಿ ಬಂದು, ಹನ್ನೊಂದನೇ ದಿನ ಬೋರ್ಡು ಬರೆಸಿದರು. ಹೆಸರಿನ ಹಿಂದೆ 'ಡಾ.' ಸೇರಿತು. ಅದು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಊರಿಗೆ ಊರೇ ಅವರನ್ನು ಸರ್ ಅನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಈಗ ಬರೆಯುವಾಗಲೂ ಬಹುವಚನ ಬಿಟ್ಟುಹೋಗುತ್ತಿಲ್ಲ. ಅದು ಅಭ್ಯಾಸ, ಗೌರವವೆಂದು ದಯವಿಟ್ಟು ತಿಳಿಯಬೇಡಿ.

ಅವರಿಗೆ ಜನರ ಕಷ್ಟ ಕೇಳುವುದರಲ್ಲಿ ಆಸಕ್ತಿ ಇರಲಿಲ್ಲ. ಜನರ ಕಷ್ಟ ಹೇಳುವುದರಲ್ಲಿ ಇತ್ತು. ಕಾಲೇಜು, ಮಹಿಳಾ ಸಂಘ, ಶಿಕ್ಷಕರ ದಿನಾಚರಣೆ, ಎಲ್ಲಿ ಕರೆದರೂ ಹೋಗುತ್ತಿದ್ದರು. ಭಾಷಣದ ನಡುವೆ ಒಮ್ಮೆ ನಿಲ್ಲಿಸಿ, ಕನ್ನಡಕ ತೆಗೆದು, ದನಿ ತಗ್ಗಿಸಿ ಹೇಳುತ್ತಿದ್ದರು: "ಮೊನ್ನೆ ನಮ್ಮಲ್ಲಿ ಒಂದು ಕೇಸ್ ಬಂದಿತ್ತು. ಹೆಸರು ಮಾತ್ರ ಹೇಳೂದಿಲ್ಲ ನೋಡ್ರಿ." ಸಭೆ ನೆಟ್ಟಗೆ ಕೂರುತ್ತಿತ್ತು. ಆಮೇಲೆ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ಊರು, ಓಣಿ, ಗಂಡನ ಉದ್ಯೋಗ, ಮಕ್ಕಳೆಷ್ಟು, ತವರು ಯಾವುದು, ಎಲ್ಲ.

ನಮ್ಮ ಕಡೆ ಊರುಗಳು ಎಷ್ಟು ದೊಡ್ಡವು? ಮೂರು ಗುರುತು ಹೇಳಿದರೆ ನಾಲ್ಕನೆಯದಕ್ಕೆ ಮನೆಯ ಬಾಗಿಲೇ ಸಿಗುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇದನ್ನು ಬರೆಯುವ ಮೊದಲು, ಇದರಲ್ಲಿ ಬರುವ ಹೆಣ್ಣುಮಕ್ಕಳಿಬ್ಬರನ್ನೂ ನಾನು ಕೇಳಿದ್ದೇನೆ. ಊರುಗಳನ್ನು ಅದಲುಬದಲು ಮಾಡಿದ್ದೇನೆ, ಉದ್ಯೋಗಗಳನ್ನೂ ಮಾಡಿದ್ದೇನೆ. ಯಾರ ಮನೆಯನ್ನೂ ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಮೊದಲನೆಯವಳ ಊರು ಸಿದ್ದಾಪುರ ಅಂದುಕೊಳ್ಳೋಣ. ಗಂಡನಿಗೆ ಗೊಬ್ಬರದ ಅಂಗಡಿ ಅಂದುಕೊಳ್ಳೋಣ. ಎರಡನೇ ಹೆರಿಗೆಯಾಗಿ ಮೂರು ತಿಂಗಳಾಗಿತ್ತು. ಕೂಸಿಗೆ ಲಸಿಕೆ ಹಾಕಿಸುವ ನೆಪ ಹೇಳಿ ಬಸ್ಸು ಹತ್ತಿ ಬರುತ್ತಿದ್ದಳು. ಮೊದಲ ಎರಡು ದಿನ ಬರೀ ಅತ್ತಳು. ಮೂರನೇ ಸಲ ಹೇಳಿದಳು: ಕಾಲುವೆಯ ಸೇತುವೆ ದಾಟುವಾಗಲೆಲ್ಲ ಕೂಸು ಕೈಯಿಂದ ಜಾರಿಬಿಡುತ್ತದೆ ಅನ್ನಿಸುತ್ತದೆ, ಜಾರುತ್ತದೋ ತಾನೇ ಬಿಡುತ್ತೇನೋ ತಿಳಿಯುವುದಿಲ್ಲ, ಅದಕ್ಕೆ ಕೂಸನ್ನು ಎದೆಗೆ ಸೀರೆಯಿಂದ ಕಟ್ಟಿಕೊಂಡು ದಾಟುತ್ತೇನೆ.

"ನಾ ಕೆಟ್ಟಾಕಿ ಏನ್ರಿ?" ಎಂದು ಕೇಳಿದಳು.

ಕೆಟ್ಟವಳು ಕೂಸನ್ನು ಕಟ್ಟಿಕೊಳ್ಳುವುದಿಲ್ಲವವ್ವಾ ಎಂದೆ. ಇದು ಬಾಣಂತಿಯರಿಗೆ ಬರುವ ಒಂದು ಕಾಯಿಲೆ, ವಾಸಿಯಾಗುತ್ತದೆ ಎಂದು ಹೇಳಿ ಕೊಪ್ಪಳದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಅವಳ ಮುಖಕ್ಕೆ ಕಳೆ ಬಂತು. ಒಂದು ದಿನ ಕೂಸಿನ ಕಾಲ್ಗೆಜ್ಜೆ ಆಡಿಸುತ್ತ ತಾನಾಗಿ ನಕ್ಕಳು.

ವಾರಕ್ಕೊಮ್ಮೆ ನನ್ನ ಕೆಲಸವನ್ನು ಹಿರಿಯರೊಬ್ಬರ ಮುಂದೆ ಇಟ್ಟು ಸಲಹೆ ಕೇಳುವುದು ನಮ್ಮ ವೃತ್ತಿಯ ಕ್ರಮ. ನನ್ನ ಪಾಲಿಗೆ ಬಂದ ಹಿರಿಯರು ಇವರೇ. ಆದ್ದರಿಂದ ಎಲ್ಲವನ್ನೂ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಚಿಂತಿಸುತ್ತಿದ್ದಾರೆ ಅಂದುಕೊಂಡೆ. ಭಾಷಣಕ್ಕೆ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು.

ಮುಂದಿನ ತಿಂಗಳು ಕುಷ್ಟಗಿಯ ಒಂದು ಕಾಲೇಜಿನಲ್ಲಿ 'ಮಹಿಳೆ ಮತ್ತು ಮಾನಸಿಕ ಆರೋಗ್ಯ' ಎಂಬ ಕಾರ್ಯಕ್ರಮ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಸರ್ ಕನ್ನಡಕ ತೆಗೆದರು. "ಸಿದ್ದಾಪುರದಾಕಿ ಒಬ್ಬಾಕಿ, ಹೆಸರು ಮಾತ್ರ ಹೇಳೂದಿಲ್ಲ. ಗಂಡಂದು ಗೊಬ್ಬರದ ಅಂಗಡಿ, ಛಲೋ ಮನಿತನ. ಎರಡನೇದು ಹೆಣ್ಣಾತು. ಏನ್ ಮಾಡಾಕ ಹೊಂಟಿದ್ಲು ಗೊತ್ತೇನು ಆಕಿ? ಕೂಸನ್ನ ಕಾಲುವಿಗೆ ಒಗ್ಯಾಕ!" ಹುಡುಗಿಯರು ಹೋ ಎಂದು ಬಾಯಿಗೆ ಕೈ ಇಟ್ಟುಕೊಂಡರು. ಸರ್ ಆ ಸದ್ದು ಇಳಿಯುವವರೆಗೆ ಕಾದರು, ಚಪ್ಪಾಳೆ ನಿಲ್ಲಲೆಂದು ಕಾಯುವ ಗಾಯಕನ ಹಾಗೆ. ಅವಳು ಒಗೆಯಲು ಹೊರಟಿರಲಿಲ್ಲ, ಒಗೆಯಬಾರದೆಂದು ಕಟ್ಟಿಕೊಂಡಿದ್ದಳು. ಆ ವ್ಯತ್ಯಾಸವೇ ಅವಳ ಇಡೀ ಜೀವ. ಅದನ್ನೂ ಉಳಿಸಲಿಲ್ಲ. ಎರಡನೆಯದು ಹೆಣ್ಣು ಎಂಬುದೂ ಸುಳ್ಳು. ಕತೆಗೆ ಉಪ್ಪು ಕಡಿಮೆ ಬಿತ್ತು ಎಂದು ಹಾಕಿಕೊಂಡದ್ದು.

ಸಭೆಯಲ್ಲಿ ಅವಳ ಗಂಡನ ಅಕ್ಕನ ಮಗಳು ಕೂತಿದ್ದಳು.

ಮೂರನೇ ದಿನ ಸಿದ್ದಾಪುರದವಳು ಕೇಂದ್ರಕ್ಕೆ ಬಂದಳು. ತೋಳಲ್ಲಿ ಕೂಸಿರಲಿಲ್ಲ. ಒಳಗೆ ಬರಲಿಲ್ಲ, ಹೊಸ್ತಿಲ ಹತ್ತಿರ ನಿಂತಳು.

"ನೀವ ಹೇಳೀರೇನ್ರಿ?" ಅಂದಳು.

"ನಾ ಸರ್‌ಗೆ ಹೇಳಿದ್ದೆ. ಸರ್ ಸಭಾದಾಗ ಹೇಳ್ಯಾರ" ಅಂದೆ.

"ಅತ್ತಿ ಕೂಸನ್ನ ನನ್ನ ಕೈಯಾಗ ಕೊಡವಲ್ರು. ಹಾಲು ಕುಡಿಸೂ ಹೊತ್ತಿನ್ಯಾಗೂ ಬಾಜೂಕ ಕುಂದರ್ತಾರ. ನಾ ಏನ್ ಮಾಡ್ತೀನಿ ಅಂತ ನೋಡ್ಕೊಂತ."

ಅಷ್ಟು ಹೇಳಿ ಮೆಟ್ಟಿಲು ಇಳಿದುಹೋದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ನಾನು ಸರ್ ಕೋಣೆಗೆ ಹೋದೆ. ಅವರು ಮಂಡಕ್ಕಿ ತಿನ್ನುತ್ತಿದ್ದರು. ಮೇಜಿನ ಮೇಲೆ ಹರಡಿದ ಪೇಪರಿನಿಂದ ಮೆಣಸಿನಕಾಯಿ ಭಜಿಯೊಂದನ್ನು ಎತ್ತಿ ನನ್ನ ಕಡೆ ಚಾಚಿದರು. ನಾನು ನಡೆದದ್ದನ್ನು ಹೇಳಿದೆ.

"ಹೆಸರು ಹೇಳೀನೇನು ನಾ?" ಅಂದರು.

"ಹೆಸರೊಂದ ಬಿಟ್ಟು ಎಲ್ಲಾ ಹೇಳೀರಲ್ರಿ ಸರ್."

"ನೋಡವಾ ತಂಗಿ, ನಾವು ಸಮಾಜಕ್ಕ ಜಾಗೃತಿ ಮಾಡಬೇಕು. ಒಬ್ಬಾಕಿಗೆ ಸ್ವಲ್ಪ ತ್ರಾಸ ಆಗಬಹುದು. ನೂರು ಮಂದಿಗೆ ತಿಳವಳಿಕಿ ಬರ್ತದ." ಭಜಿ ಕಚ್ಚಿ ಸೊರ್ ಅಂದರು. "ಖಾರ ಐತಿ ಭಾಳ."

ಅವತ್ತೇ ಕೆಲಸ ಬಿಡಬೇಕಿತ್ತು. ಬಿಡಲಿಲ್ಲ. ಅನುಭವದ ಪ್ರಮಾಣಪತ್ರಕ್ಕೆ ಇನ್ನೂ ಒಂದು ವರ್ಷ ಬಾಕಿ ಇತ್ತು, ಮನೆಯಲ್ಲಿ ಏನು ಹೇಳಲಿ ಎಂಬ ಅಳುಕಿತ್ತು. ನನಗೆ ನಾನೇ ಹೇಳಿಕೊಂಡ ಕಾರಣ ಬೇರೆ: ನಾನೂ ಹೋದರೆ ಇಲ್ಲಿಗೆ ಬರುವವರ ಗತಿಯೇನು? ಹೇಡಿಗಳಿಗೆ ಇಂಥ ಘನವಾದ ಕಾರಣಗಳು ಬೇಗ ಸಿಗುತ್ತವೆ. ಸರ್ ಮೇಲಿನ ನನ್ನ ತಿರಸ್ಕಾರದಲ್ಲಿ ನನಗೂ ಸಲ್ಲುವ ಒಂದು ಪಾಲಿದೆ ಎಂಬುದನ್ನು ಇಲ್ಲಿಯೇ ಬರೆದಿಡುತ್ತೇನೆ. ನಾನು ಮಾಡಿದ್ದು ಎರಡೇ. ಸಿದ್ದಾಪುರಕ್ಕೆ ಹೋಗಿ ಅವಳ ಗಂಡನನ್ನು, ಅತ್ತೆಯನ್ನು ಕೂರಿಸಿಕೊಂಡು ಕಾಯಿಲೆ ಏನು ಎಂದು ಬಿಡಿಸಿ ಹೇಳಿದೆ. ಡಾಕ್ಟರ ಬಾಯಿಂದಲೂ ಹೇಳಿಸಿದೆ. ಗಂಡ ಒಳ್ಳೆಯವನು, ಅರ್ಥ ಮಾಡಿಕೊಂಡ. ಅತ್ತೆ ಒಂದು ವರ್ಷ ತೆಗೆದುಕೊಂಡರು. ಎರಡನೆಯದು, ಮುಂದೆ ಹೇಳುವ ಒಂದು ಸಲ ಬಿಟ್ಟರೆ, ಅವತ್ತಿನಿಂದ ಸರ್‌ಗೆ ನಾನು ಯಾರ ವಿಷಯವನ್ನೂ ಬಾಯಿಬಿಟ್ಟು ಹೇಳಲಿಲ್ಲ. ದಿನದ ರಿಜಿಸ್ಟರಿನಲ್ಲಿ ನಿಯಮಕ್ಕೆ ಬೇಕಾದಷ್ಟೇ ಬರೆದು ಇಡುತ್ತಿದ್ದೆ. ಅವರು ಅದನ್ನು ಓದುತ್ತಿರಲಿಲ್ಲ. ಪ್ರತಿ ಪುಟದ ಕೆಳಗೆ ಹಸಿರು ಶಾಯಿಯಲ್ಲಿ 'ಓದಿದೆ' ಎಂದು ಬರೆದು ಸಹಿ ಹಾಕುತ್ತಿದ್ದರು.

ಕುಷ್ಟಗಿಯ ಕಡೆ ಒಂದು ಖಾಸಗಿ ವಸತಿ ಶಾಲೆ ಇತ್ತು. ಸರ್ ಅದಕ್ಕೆ ಗೌರವ ಸಮಾಲೋಚಕರು. ಗೌರವ ಅವರದು, ಸಮಾಲೋಚನೆ ನನ್ನದು. ತಿಂಗಳಿಗೆ ಎರಡು ಶನಿವಾರ ನಾನು ಹೋಗಿ ಹುಡುಗಿಯರ ಜೊತೆ ಒಬ್ಬೊಬ್ಬರಾಗಿ ಮಾತಾಡಿ ಬರುತ್ತಿದ್ದೆ. ಪರೀಕ್ಷೆಯ ಹೆದರಿಕೆ, ಮನೆಯ ನೆನಪು, ಗೆಳತಿ ಮಾತು ಬಿಟ್ಟದ್ದು, ಸಾಮಾನ್ಯವಾಗಿ ಇಂಥವೇ.

ದಸರಾ ರಜೆ ಶುರುವಾಗುವ ಶನಿವಾರ. ಎಂಟನೇ ಇಯತ್ತೆಯ ಒಬ್ಬ ಹುಡುಗಿ ಬಂದು ಕೂತಳು. ಅವಳ ಊರು ಹುಲಿಹೈದರ ಅಂದುಕೊಳ್ಳೋಣ. ಅಪ್ಪ ಕುರಿ ಮೇಯಿಸಿಕೊಂಡು ವರ್ಷದ ಹೆಚ್ಚು ದಿನ ಊರೂರು ತಿರುಗುತ್ತಾನೆ, ಅವ್ವ ಕೂಲಿಗೆ ಹೋಗುತ್ತಾಳೆ. ಹುಡುಗಿ ಲೆಕ್ಕದಲ್ಲಿ ಭಾರಿ ಚುರುಕು ಎಂದು ಶಾಲೆಯವರೇ ಹೇಳಿದ್ದರು. ಮಧ್ಯಾಹ್ನ ಅವ್ವ ಬಂದು ಊರಿಗೆ ಕರೆದೊಯ್ಯುವವಳಿದ್ದಳು. ಹುಡುಗಿಯ ಟ್ರಂಕು ಆಗಲೇ ಜಗುಲಿಯ ಮೇಲಿತ್ತು.

"ರಜಾ ಮುಗದ ಮ್ಯಾಲೆ ನಾ ಬರಂಗಿಲ್ಲ ಟೀಚರ್" ಅಂದಳು.

"ಯಾಕವಾ?"

"ಹೇಳಿದ್ರ ನೀವು ಯಾರಿಗೂ ಹೇಳಬಾರದು."

"ಇಲ್ಲ, ಯಾರಿಗೂ ಹೇಳೂದಿಲ್ಲ. ಹೇಳು."

ಎಷ್ಟು ಸಲೀಸಾಗಿ ಬಂತು ಆ ಮಾತು! ಮಗು ಮಾತಾಡುವ ಮೊದಲೇ, ಯಾವುದನ್ನು ನನ್ನ ಹತ್ತಿರ ಇಟ್ಟುಕೊಳ್ಳಬಲ್ಲೆ, ಯಾವುದನ್ನು ಇಟ್ಟುಕೊಳ್ಳಲಾರೆ ಎಂದು ಸ್ಪಷ್ಟವಾಗಿ ಹೇಳಬೇಕು ಎಂಬುದು ನಮಗೆ ಕಲಿಸಿದ ಮೊದಲ ಪಾಠ. ನಿನಗೆ ಯಾರಾದರೂ ಕೇಡು ಮಾಡುತ್ತಿದ್ದರೆ ಅದನ್ನು ನಾನು ಮುಚ್ಚಿಡುವಂತಿಲ್ಲ ಎಂದು ಹೇಳಬೇಕು. ಮೊದಮೊದಲು ಹೇಳುತ್ತಿದ್ದೆ. ಹೇಳಿದರೆ ಮಕ್ಕಳು ಹಿಂಜರಿಯುತ್ತಾರೆ, ಹೇಳದಿದ್ದರೆ ಬೇಗ ಬಾಯಿ ಬಿಡುತ್ತಾರೆ ಎಂದು ಬರಬರುತ್ತ ಬಿಟ್ಟುಬಿಟ್ಟಿದ್ದೆ.

ಅವಳು ಹೇಳಿದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ಶಾಲೆಯ ಕಚೇರಿ ನೋಡಿಕೊಳ್ಳುತ್ತಿದ್ದ ಒಬ್ಬ ಗಂಡಸು. ಆಡಳಿತ ಮಂಡಳಿ ಅಧ್ಯಕ್ಷರ ಸಂಬಂಧಿಕ. ಜೂನ್ ತಿಂಗಳಿಂದ. ಇಷ್ಟು ಸಾಕು.

ಅವಳ ಅವ್ವ ಬರುವವರೆಗೂ ನಾನು ಅವಳ ಪಕ್ಕ ಬಿಟ್ಟು ಏಳಲಿಲ್ಲ. ತಾಯಿ ಮಗಳು ಟ್ರಂಕು ಹಿಡಿದು ಬಸ್ಸು ಹತ್ತಿದ ಮೇಲೆ ನಾನು ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ಎರಡು ತಾಸು ಬಸ್ಸಿನಲ್ಲಿ ಕೂತು ಗಂಗಾವತಿಗೆ, ಸರ್ ಹತ್ತಿರ ಹೋದೆ. ಮೂರು ವರ್ಷದ ಅಭ್ಯಾಸ ಕಾಲನ್ನು ಆ ಕಡೆಗೇ ಎಳೆಯಿತು. ಯಾರನ್ನು ನಂಬಬಾರದೆಂದು ಚೆನ್ನಾಗಿ ಗೊತ್ತಿತ್ತೋ ಅವರನ್ನೇ ಕೇಳಲು ಹೋದೆ.

ಸರ್ ಕಣ್ಣು ಮುಚ್ಚಲಿಲ್ಲ ಈ ಸಲ. ಗಂಡಸು ಯಾರೆಂದು ಹೇಳಿದೊಡನೆ ಅವರ ಮುಖ ಬಿಗಿಯಿತು. ಎದ್ದರು. ಕುರ್ಚಿಯ ಮೇಲೆ ಹತ್ತಿದರು. ಗೋಡೆಯ ಮೇಲಿದ್ದ ನೀತಿಸಂಹಿತೆಯ ಚೌಕಟ್ಟನ್ನು ಎರಡೂ ಕೈಯಲ್ಲಿ ಕಿತ್ತು ಕೆಳಗಿಳಿಸಿದರು. ಹಿಂದಿನಿಂದ ಒಂದು ಹಲ್ಲಿ ಓಡಿತು, ಗೋಡೆಯ ಮೇಲೆ ಹೊಸ ಸುಣ್ಣದಂಥ ಬಿಳಿಯ ಚೌಕ ಉಳಿಯಿತು. ಪಂಚೆಯ ಚುಂಗಿನಿಂದ ಧೂಳು ಒರೆಸಿ, ಕನ್ನಡಕ ಹಾಕಿಕೊಂಡು, ಇಂಗ್ಲಿಷಿನ ಒಂದು ಸಾಲನ್ನು ಬೆರಳಿಟ್ಟು ತೊದಲುತ್ತ ಓದಿದರು.

"ನೋಡು. ಏನೈತಿ ಇಲ್ಲಿ? ಗೌಪ್ಯತೆ. ಬಂದವರು ಹೇಳಿದ ಮಾತು ನಮ್ಮ ಹೊಟ್ಟ್ಯಾಗ ಇರಬೇಕು. ಅದು ನಮ್ಮ ಧರ್ಮ."

ನನಗೆ ನಗು ಬಂತು. ಅದನ್ನು ತಡೆದದ್ದು ಭಯವೋ ಅಸಹ್ಯವೋ ಗೊತ್ತಿಲ್ಲ. ಸಿದ್ದಾಪುರದ ಬಾಣಂತಿಯ ಎದೆಯನ್ನು ಮೈಕಿನ ಮುಂದೆ ಬಿಚ್ಚಿಟ್ಟ ಮನುಷ್ಯ ಇವರು.

"ಸರ್, ಅದರ ಕೆಳಗಿನ ಸಾಲನ್ನೂ ಓದ್ರಿ. ಪ್ರಾಣಕ್ಕ ಅಪಾಯ ಇದ್ರ, ಮಕ್ಕಳಿಗೆ ಕೇಡಾದ್ರ, ಕಾನೂನು ಹೇಳಿದ್ರ ಗುಟ್ಟು ಬಿಡಬೇಕು ಅಂತ ಐತಿ. ಇದು ಪೋಕ್ಸೊ. ಗೊತ್ತಾದವರು ಯಾರ ಇರಲಿ, ಪೊಲೀಸರಿಗೆ ತಿಳಸಾಕ ಬೇಕು. ಸುಮ್ಮನ ಕುಂತ್ರ ಅದ ಅಪರಾಧ. ನನಗೂ, ನಿಮಗೂ."

"ಕಾನೂನು ನನಗ ಕಲಸಬ್ಯಾಡ. ಆ ಹುಡುಗಿ ಮುಂದ ಮದುವಿ ಆಗಬೇಕಲ್ಲ? ಊರ ತುಂಬ ಆಕಿ ಹೆಸರು ಹರಡಸ್ತಿ ಏನು ನೀ?"

"ಹೆಸರು ಹರಡಸೂದು ನನ್ನ ಕೆಲಸ ಅಲ್ರಿ" ಎಂದೆ. ಅವರಿಗೆ ಅದು ನಾಟಲಿಲ್ಲ. ಚರ್ಮ ಅಷ್ಟು ದಪ್ಪ.

"ಅಧ್ಯಕ್ಷರ ಜೋಡಿ ನಾ ಮಾತಾಡ್ತೀನಿ. ಆ ಮನಿಷಾನ್ನ ಬ್ಯಾರೆ ಕಡೆ ಹಾಕ್ತಾರ. ಮುಗೀತು" ಅಂದರು. ಬೇರೆ ಕಡೆ ಅಂದರೆ ಎಲ್ಲಿ? ಬೇರೆ ಹುಡುಗಿಯರು ಇರುವ ಕಡೆ. ಬರುವ ತಿಂಗಳು ಅದೇ ಅಧ್ಯಕ್ಷರ ಕೈಯಿಂದ ಸರ್‌ಗೆ ಒಂದು ಸನ್ಮಾನವಿತ್ತು. ಆಹ್ವಾನಪತ್ರದ ಕರಡು ಅಲ್ಲೇ ಮೇಜಿನ ಮೇಲಿತ್ತು.

ನಾನು ಹೊರಗಿನ ಕೋಣೆಗೆ ಬಂದು ರಿಜಿಸ್ಟರ್ ತೆಗೆದೆ. ಬರೆದೆ: 'ಶಾಲಾ ಭೇಟಿಯಲ್ಲಿ ಒಬ್ಬ ವಿದ್ಯಾರ್ಥಿನಿ ದೌರ್ಜನ್ಯದ ವಿಷಯ ತಿಳಿಸಿದಳು. ಸಂಜೆ ಐದಕ್ಕೆ ಸರ್‌ಗೆ ವರದಿ ಮಾಡಿದೆ. ಪೊಲೀಸರಿಗೆ ತಿಳಿಸುವುದು ಬೇಡ ಎಂದರು. ನಾನು ತಿಳಿಸುವವಳಿದ್ದೇನೆ.' ಸರ್ ಹೋಗುವ ಮುನ್ನ ಎಂದಿನಂತೆ ಪುಟ ತಿರುವಿ 'ಓದಿದೆ' ಎಂದು ಬರೆದು ಸಹಿ ಮಾಡಿದರು. ಬಾಯಲ್ಲಿ ಆಗಲೇ ಅಡಕೆ ಇತ್ತು.

ಮರುದಿನ ಬೆಳಿಗ್ಗೆ ಹುಲಿಹೈದರಕ್ಕೆ ಹೋದೆ. ಪೊಲೀಸರಿಗಿಂತ ಮೊದಲು ಆ ಹುಡುಗಿಗೆ ನಾನು ಹೇಳಬೇಕಿತ್ತು. ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು "ಬರ್ರಿ ಅಕ್ಕಾರ" ಎಂದು ಕಂಬಳಿ ಹಾಸಿದಳು. ಹುಡುಗಿ ಒಳಗಿನಿಂದ ಬಂದವಳು ನನ್ನ ಮುಖ ನೋಡಿದ ಕೂಡಲೇ ತಿಳಿದುಕೊಂಡಳು. ಅವಳನ್ನು ಗೋಡೆಯ ಆ ಕಡೆಗೆ ಕರೆದುಕೊಂಡು ಹೋದೆ.

"ನೀ ಹೇಳಿದ್ದನ್ನ ನಾ ಇಟ್ಕೊಳ್ಳಾಕ ಬರೂದಿಲ್ಲವಾ. ಪೊಲೀಸರಿಗೆ ಹೇಳಬೇಕು. ಅವ್ವಗೂ ಹೇಳಬೇಕು."

"ಯಾರಿಗೂ ಹೇಳಂಗಿಲ್ಲ ಅಂದ್ರಿ."

"ಅಂದೆ. ತಪ್ಪು ಮಾಡಿದೆ. ಮೊದಲ ನಿನಗ ತಿಳಿಸಿ ಹೇಳಬೇಕಿತ್ತು."

"ಸುಳ್ಳು ಹೇಳಿದ್ರಿ ನೀವು. ನೀವೂ ಸುಳ್ಳ ಹೇಳ್ತೀರಿ." ಅವಳು ಅಳಲಿಲ್ಲ. ಹಲ್ಲು ಕಚ್ಚಿ, ನನ್ನ ಚಪ್ಪಲಿ ನೋಡುತ್ತ ನಿಂತಳು.

ನಾನು ಮಾಡಹೊರಟದ್ದು ಸರಿ ಎಂಬುದು ಆಕೆಗೆ ನಾನು ಕೊಟ್ಟ ಮಾತನ್ನು ಸರಿ ಮಾಡುವುದಿಲ್ಲ. ಕೊನೆಗೆ "ಅವ್ವಗ ನೀವ ಹೇಳ್ರಿ, ನಾ ಹೇಳಂಗಿಲ್ಲ" ಅಂದಳು.

ತಾಯಿಗೆ ಹೇಳಿದೆ. ಮೊರ ಕೆಳಗಿಟ್ಟು ಕೇಳಿದಳು. ಆಮೇಲೆ ಮಗಳ ಕಡೆ ತಿರುಗಿ, "ಜೂನ್‌ದಿಂದ ಏನ?" ಎಂದು ಕೇಳಿದಳು. ಹುಡುಗಿ ತಲೆಯಾಡಿಸಿದಳು. ತಾಯಿ ಎದ್ದು, ಜೋಳವನ್ನು ಚೀಲಕ್ಕೆ ತುಂಬಿ, ಬಾಗಿಲಿಗೆ ಕೀಲಿ ಹಾಕಿ, ಸೆರಗು ಬಿಗಿದು ಮಗಳ ಕೈ ಹಿಡಿದಳು.

"ನಡೀರಿ. ಎಲ್ಲಿ ಹೋಗೂದೈತಿ?"

ಮದುವೆ, ಊರು, ಹೆಸರು, ಸರ್ ಹೇಳಿದ ಒಂದು ಮಾತೂ ಆ ಹೆಂಗಸಿನ ಬಾಯಿಂದ ಬರಲಿಲ್ಲ. ಅವಳು ಸಹಿಗೆ ಹೆಬ್ಬೆಟ್ಟು ಒತ್ತುವವಳು.

ದೂರು ಬರೆದುಕೊಂಡ ಸಬ್ ಇನ್‌ಸ್ಪೆಕ್ಟರ್ ಒಬ್ಬ ಹೆಣ್ಣುಮಗಳು, ನನ್ನದೇ ವಯಸ್ಸು. ಹುಡುಗಿಯ ಹೇಳಿಕೆಯನ್ನು ಠಾಣೆಯಲ್ಲಿ ತೆಗೆದುಕೊಳ್ಳಲಿಲ್ಲ. ಚೂಡಿದಾರ ಹಾಕಿಕೊಂಡು ಅವಳ ಮನೆಗೇ ಬಂದಳು, ಜೀಪನ್ನು ಊರ ಹೊರಗೇ ಬಿಟ್ಟು. ಅಕ್ಕಪಕ್ಕದವರು ಯಾರೋ ನೆಂಟರು ಬಂದಿದ್ದಾರೆ ಅಂದುಕೊಂಡರು. ಮೊದಲು ಚಹಾ ಕುಡಿದಳು, ಹುಡುಗಿಯ ಲೆಕ್ಕದ ಪುಸ್ತಕ ತಿರುವಿದಳು, ಆಮೇಲೆ ಕೇಳಿದಳು. ಎರಡೇ ದಿನದಲ್ಲಿ ಆ ಮನುಷ್ಯನನ್ನು ಹಿಡಿದರು. ರಜೆಯಲ್ಲಿದ್ದ ಇನ್ನೂ ಇಬ್ಬರು ಹುಡುಗಿಯರ ತಂದೆತಾಯಂದಿರು ತಾವಾಗಿ ಬಂದರು.

ಆಮೇಲೆ ಆ ಅಧಿಕಾರಿ ನಮ್ಮ ಕೇಂದ್ರಕ್ಕೆ ಬಂದಳು. ಸರ್ ಎದ್ದು ನಿಂತು ಕೈ ಮುಗಿದರು.

"ನಿಮಗ ಯಾವಾಗ ಗೊತ್ತಾತ್ರಿ?"

"ನನಗ ಯಾರೂ ಹೇಳಿಲ್ರಿ ಮೇಡಂ. ಪೇಪರ್‌ದಾಗ ಓದಿ ಗೊತ್ತಾತು. ಎದಿ ಒಡದಂಗ ಆತ್ರಿ" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು. ನಾನು ಅಲ್ಲೇ ನಿಂತಿದ್ದೆ. ನನ್ನ ಕಡೆ ನೋಡಿಯೇ ಹೇಳಿದರು. ನಾಚಿಕೆ ಎಂಬುದು ಮುಖದ ಯಾವ ಭಾಗದಲ್ಲಿ ಕಾಣಿಸಬೇಕೋ ಅಲ್ಲಿ ಏನೂ ಇರಲಿಲ್ಲ.

ನಾನು ರಿಜಿಸ್ಟರ್ ತೆರೆದು ಮೇಜಿನ ಮೇಲಿಟ್ಟೆ. ಅಧಿಕಾರಿ ಆ ಪುಟ ಓದಿದಳು. ಕೆಳಗಿನ ಹಸಿರು ಸಹಿಯ ಮೇಲೆ ಬೆರಳಿಟ್ಟಳು.

"ಓದಿದೆ ಅಂತ ಬರದೀರಿ?"

ಸರ್ ಪುಟವನ್ನು ಹತ್ತಿರ ಎಳೆದುಕೊಂಡು ಮೊದಲ ಬಾರಿಗೆ ಓದಿದರು. ತುಟಿ ಅಲ್ಲಾಡುತ್ತಿತ್ತು. ಓದಿದ್ದೇನೆ ಅಂದರೆ ಅಪರಾಧ, ಓದಿಲ್ಲ ಅಂದರೆ ಅವಮಾನ. ಅವರು ಅವಮಾನವನ್ನು ಆರಿಸಿಕೊಂಡರು.

"ನಾ ಯಾವುದನ್ನೂ ಓದಿ ಸಹಿ ಮಾಡೂದಿಲ್ರಿ ಮೇಡಂ. ಯಾವತ್ತೂ ಓದಿಲ್ಲ. ಕೇಳ್ರಿ ಬೇಕಾದ್ರ ಇವರನ್ನ."

"ಖರೇ ಐತ್ರಿ" ಎಂದೆ. ಮೂರು ವರ್ಷದಲ್ಲಿ ಅವರು ಹೇಳಿದ ಮಾತನ್ನು ನಾನು ಮನಃಪೂರ್ವಕ ಒಪ್ಪಿಕೊಂಡದ್ದು ಅದೊಂದೇ ಸಲ.

ಆದರೆ ಆ ದಿನದ ತಿರಸ್ಕಾರದ ತುದಿ ಅದಲ್ಲ. ಅಧಿಕಾರಿಯನ್ನು ಮೆಚ್ಚಿಸಲೆಂದು ಸರ್ ಎದ್ದು ಹೋಗಿ ಕಪಾಟು ತೆರೆದರು. ಐದು ವರ್ಷದಿಂದ ಬಂದು ಹೋದವರೆಲ್ಲರ ಫೈಲುಗಳು, ಎರಡೂ ತೋಳು ತುಂಬ, ತಂದು ಅವಳ ಮುಂದೆ ಸುರಿದರು. "ನೋಡ್ರಿ ಮೇಡಂ, ಎಲ್ಲಾ ನೋಡ್ರಿ. ನಮ್ಮದು ತೆರೆದ ಪುಸ್ತಕ. ಬೇಕಾದ್ದು ತಗೊಂಡು ಹೋಗ್ರಿ." ಗಂಡನನ್ನು ಬಿಟ್ಟವರು, ಸಾಯಲು ಹೋಗಿ ಉಳಿದವರು, ಮಗ ಕುಡಿಯುತ್ತಾನೆಂದು ಅತ್ತವರು, ಎಲ್ಲರೂ ಆ ಮೇಜಿನ ಮೇಲೆ ಹರಡಿ ಬಿದ್ದರು.

ಅಧಿಕಾರಿ ಮೇಲಿನ ಫೈಲಿನ ಹೆಸರಿನ ಮೇಲೆ ತನ್ನ ಅಂಗೈ ಮುಚ್ಚಿದಳು.

"ಇವು ಬ್ಯಾಡ್ರಿ. ನನಗ ಇದೊಂದ ಪುಟ ಸಾಕು. ಇವನ್ನ ಒಳಗ ಇಟ್ಟು ಕೀಲಿ ಹಾಕ್ರಿ."

ನಮ್ಮ ವೃತ್ತಿಯ ಪಾಠವನ್ನು ಒಬ್ಬ ಪೊಲೀಸ್ ಹೆಣ್ಣುಮಗಳು ಹೇಳಿಕೊಟ್ಟು ಹೋದಳು. ಸರ್‌ಗೆ ಅದು ಪಾಠ ಎಂದೂ ತಿಳಿಯಲಿಲ್ಲ.

ವಾರದೊಳಗೆ ನನ್ನನ್ನು ಕೆಲಸದಿಂದ ತೆಗೆದ ಪತ್ರ ಬಂತು. ಕಾರಣ: 'ವೃತ್ತಿಪರ ಗೌಪ್ಯತೆಯ ಉಲ್ಲಂಘನೆ'. ಉಲ್ಲಂಘನೆಯನ್ನು 'ಉಲಂಗನೆ' ಎಂದು ಬರೆದಿದ್ದರು. ಕೆಳಗೆ ಹಸಿರು ಸಹಿ. ಆ ಪತ್ರವನ್ನು ಹರಿಯದೆ ಇಟ್ಟುಕೊಂಡಿದ್ದೇನೆ. ಕೊಪ್ಪಳದಲ್ಲಿ ಹೊಸ ಕೆಲಸಕ್ಕೆ ಸಂದರ್ಶನವಾದಾಗ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು. ಆ ಪತ್ರವನ್ನೇ ಕೊಟ್ಟೆ. ಓದಿದ ಹಿರಿಯ ಡಾಕ್ಟರಮ್ಮ ಯಾವ ಪ್ರಕರಣ ಎಂದು ಕೇಳಲಿಲ್ಲ. "ಪೋಕ್ಸೊ ಏನ್ರಿ?" ಎಂದು ಒಂದೇ ಪ್ರಶ್ನೆ ಕೇಳಿದರು. ಹೌದು ಅಂದೆ. ಕೆಲಸ ಸಿಕ್ಕಿತು.

ಪ್ರಕರಣ ಕೊಪ್ಪಳದ ನ್ಯಾಯಾಲಯದಲ್ಲಿ ನಡೆಯಿತು. ಹುಡುಗಿ ಸಾಕ್ಷಿ ಹೇಳಿದ ದಿನ ಬಾಗಿಲು ಮುಚ್ಚಿದರು, ಅವನ ಮುಖ ಕಾಣದಂತೆ ನಡುವೆ ಪರದೆ ಇಟ್ಟರು. ಅವನ ವಕೀಲರು ನನ್ನನ್ನು ಸಾಕ್ಷಿಕಟ್ಟೆಯಲ್ಲಿ ಒಂದು ಪೂರ್ತಿ ಮುಂಜಾನೆ ನಿಲ್ಲಿಸಿದರು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದು ಹೌದೋ ಅಲ್ಲವೋ ಎಂದು ಕೇಳಿದರು. ಹೌದು ಅಂದೆ. ಮಾತಿಗೆ ತಪ್ಪಿದವರನ್ನು ನ್ಯಾಯಾಲಯ ಹೇಗೆ ನಂಬಬೇಕು ಎಂದು ಕೇಳಿದರು. ಅದಕ್ಕೆ ಉತ್ತರವನ್ನು ನ್ಯಾಯಾಧೀಶರೇ ತೀರ್ಪಿನಲ್ಲಿ ಬರೆದರು. ಆ ಮನುಷ್ಯನಿಗೆ ಶಿಕ್ಷೆಯಾಯಿತು, ಒಳಗಿದ್ದಾನೆ.

ವಿಷಯ ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ಸರ್ ಮೇಲೆ ಬೇರೆ ಪ್ರಕರಣ ಇದೆ. ಅದು ಇನ್ನೂ ನಡೆಯುತ್ತಿದೆ. ಜಾಮೀನು ಸಿಕ್ಕ ಮೇಲೆ ಅವರು ಆರು ತಿಂಗಳು ಕಾಣಲಿಲ್ಲ. ಮುಖ ತೋರಿಸಲಾರದೆ ಎಲ್ಲೋ ಕೂತಿದ್ದಾರೆ ಅಂದುಕೊಂಡೆ. ಅವರನ್ನು ಅಷ್ಟು ವರ್ಷ ಹತ್ತಿರದಿಂದ ನೋಡಿಯೂ ಹಾಗೆ ಅಂದುಕೊಂಡೆನಲ್ಲ! ಕಳೆದ ವರ್ಷ ನಮ್ಮ ಯಲಬುರ್ಗಾದಲ್ಲಿಯೇ ಅವರ ಭಾಷಣವಿತ್ತು. ವಿಷಯ: ಮಕ್ಕಳ ಸುರಕ್ಷತೆಯಲ್ಲಿ ಸಮಾಜದ ಪಾತ್ರ. ನನ್ನ ತಾಯಿ ಹೋಗಿ ಕೇಳಿ ಬಂದು, "ಭಾಳ ಛಲೋ ಮಾತಾಡಿದ್ರು, ಅರ್ಧ ಮಂದಿ ಅತ್ತ್ರು" ಅಂದರು. ನನ್ನನ್ನು ಕೆಲಸದಿಂದ ತೆಗೆದವರು ಇವರೇ ಎಂದು ಹೇಳಿದೆ. ಅವ್ವ ನಂಬಲಿಲ್ಲ. "ಅಂಥಾ ದೊಡ್ಡ ಮನಿಷಾ" ಅಂದರು. ಜನಕ್ಕೆ ಅಳಿಸುವವರು ಬೇಕು, ಅಷ್ಟೆ. ಯಾರ ಕಣ್ಣೀರು ಕದ್ದು ತಂದು ಅಳಿಸುತ್ತಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ಇದನ್ನು ಬರೆಯಲೇ ಎಂದು ಕೇಳಲು ಸಿದ್ದಾಪುರದವಳಿಗೆ ಫೋನ್ ಮಾಡಿದೆ. ಹಿಂದಿನಿಂದ ಮಕ್ಕಳ ಗದ್ದಲ ಕೇಳುತ್ತಿತ್ತು. "ಬರೀರಿ. ಒಗ್ಯಾಕ ಹೊಂಟಿದ್ದಿಲ್ಲ, ಕಟ್ಟಿಕೊಂಡಿದ್ಲು ಅಂತ ಬರೀರಿ" ಅಂದಳು. ಬರೆದಿದ್ದೇನೆ.

ಹುಲಿಹೈದರಕ್ಕೆ ನಾನೇ ಹೋದೆ. ಹುಡುಗಿ ಈಗ ಬೇರೆ ಊರಲ್ಲಿ ಪಿಯುಸಿ ಓದುತ್ತಾಳೆ, ರಜೆಗೆ ಬಂದಿದ್ದಳು. ಅಪ್ಪನ ಕುರಿಗಳು ಊರ ಹೊರಗಿನ ಕಲ್ಲುಗುಡ್ಡದ ಕೆಳಗೆ ತಂಗಿದ್ದವು. ತಾಯಿ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಕಟ್ಟಿಕೊಂಡಳು, ಮೂವರೂ ಅಲ್ಲಿಗೇ ಹೋದೆವು. ಹುಡುಗಿ ಎತ್ತರವಾಗಿದ್ದಳು. ಒಂದು ಮರಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಕಾಲಿಗೆ ಚುಚ್ಚಿದ್ದ ಜಾಲಿಮುಳ್ಳು ತೆಗೆಯುತ್ತ ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಅದರಾಗ ನೀವು ಸುಳ್ಳು ಹೇಳಿದ್ದೂ ಬರೀತೀರೇನು?" ಎಂದು ಕೇಳಿದಳು.

"ಬರೀತೀನಿ."

"ಹಂಗಾದ್ರ ಬರೀರಿ."

ಮುಳ್ಳು ಬಂತು. ಮರಿ ಒದ್ದುಕೊಂಡು ಎದ್ದು ತಾಯಿಯ ಕಡೆ ಓಡಿತು. ಅವಳು ಕೈ ಒರೆಸಿಕೊಂಡಳು.

"ಅವತ್ತ ನಿಮ್ಮ ಮ್ಯಾಲೆ ಭಾಳ ಸಿಟ್ಟು ಬಂದಿತ್ರಿ. ಈಗೂ ಸ್ವಲ್ಪ ಐತಿ."

"ಇರಲಿ" ಎಂದೆ.

ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.